ವಾಪಸ್ ಕರೆದ ಫೋನು, ಕಲಬುರಗಿ ಬ್ಯಾಸಿಗಿ: ಒಂದೇ ಮಾಡೆಲ್ ಎರಡು, ನೋಡಿದ ದಾರಿ ನಾಕು

ಶರಣಬಸವೇಶ್ವರ ಜಾತ್ರೆ ಮುಗಿದ ವಾರವೇ ನನಗೂ ತಮ್ಮನಿಗೂ ಒಂದೇ ಸಂದೇಶ ಬಂತು. ದಸರಾ ಆಫರಿನಲ್ಲಿ ಒಂದೇ ದಿನ, ಒಂದೇ ಅಂಗಡಿಯಲ್ಲಿ ತಗೊಂಡ ಒಂದೇ ಮಾಡೆಲ್ ನಮ್ಮಿಬ್ಬರದು. ಈ ಮಾಡೆಲಿನ ಕೆಲವು ಬ್ಯಾಟರಿ ವಿಪರೀತ ಬಿಸಿಯಾಗುತ್ತಿವೆ, ನಿಮ್ಮದೂ ಪಟ್ಟಿಯಲ್ಲಿದೆ, ಸರ್ವಿಸ್ ಸೆಂಟರಿಗೆ ತಂದರೆ ಪುಕ್ಕಟೆ ಬದಲಿಸಿಕೊಡುತ್ತೇವೆ; ಬೇಡವಾದರೆ ಹೊಸ ಫೋನಿಗೆ ಕೂಪನ್; ಅಲ್ಲಿಯವರೆಗೆ ಈ ಅಪ್‌ಡೇಟ್ ಹಾಕಿಕೊಳ್ಳಿ. ಹತ್ತಿರದ ಸೆಂಟರ್ ಎಲ್ಲಿದೆ ಅಂತ ಒತ್ತಿ ನೋಡಿದರೆ ಹೈದರಾಬಾದ್.

ಕಂಪನಿ ಹೆಸರು ಬರೆಯುವುದಿಲ್ಲ. ಯಾವ ಕಂಪನಿಯದಾಗಿದ್ದರೂ ನನ್ನ ಪಜೀತಿ ಇಷ್ಟೇ ಇರುತ್ತಿತ್ತು.

ನನ್ನದು ಕೋರ್ಟ್ ಹತ್ತಿರ ಝೆರಾಕ್ಸ್ ಅಂಗಡಿ, ಜೊತೆಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಕೆಲಸ. ತಮ್ಮ ನೆಹರು ಗಂಜ್‌ನ ಒಂದು ತೊಗರಿ ಅಡತಿಯಲ್ಲಿ ಲೆಕ್ಕ ಬರೆಯುತ್ತಾನೆ. ನನಗೆ ದಿನವಿಡೀ ಓಟಿಪಿ, ಅವನಿಗೆ ದಿನವಿಡೀ ರೇಟು. ಫೋನ್ ಮುಚ್ಚಿಟ್ಟು ಇಬ್ಬರಿಗೂ ಅರ್ಧ ದಿನ ನಡೆಯುವುದಿಲ್ಲ. ಹಾಗಾಗಿ ಹೈದರಾಬಾದ್ ಮುಂದೆ ಹಾಕುತ್ತಾ ಹೋದೆವು. ಹಾಗೆ ಹಾಕಿದ ಎರಡು ತಿಂಗಳಲ್ಲಿ ಅವನೊಂದು ದಾರಿ, ನಾನೊಂದು ದಾರಿ ಹಿಡಿದದ್ದರಿಂದ ಈ ಹೋಲಿಕೆ ತಾನಾಗಿಯೇ ಆಯಿತು.

ತಮ್ಮನದು ಮೊದಲ ದಾರಿ: ಏನೂ ಮಾಡದಿರುವುದು. ಅಪ್‌ಡೇಟ್ ಹಾಕಿದರೆ ಚಾರ್ಜ್ ಕಡಿಮೆ ನಿಲ್ಲುತ್ತದೆ ಅಂತ ಯಾರೋ ಹೇಳಿದ್ದರು, ಅದಕ್ಕೇ ಹಾಕಲಿಲ್ಲ. "ಅಕ್ಕಾ, ಲಕ್ಷ ಫೋನ್ ಒಳಗ ಒಂದ್ ಸುಡ್ತದ. ಅದು ನಂದೇ ಯಾಕ ಆಗ್ತದ?" ಅಂದ. ರಾತ್ರಿ ಚಾರ್ಜಿಗೆ ಹಚ್ಚುವುದಿಲ್ಲ, ತಲೆದಿಂಬಿನ ಕೆಳಗೆ ಇಡುವುದಿಲ್ಲ, ಹುಷಾರಾಗಿ ಬಳಸುತ್ತೇನೆ ಅಂತ ಅವ್ವನಿಗೆ ಮಾತು ಕೊಟ್ಟ. ಮೂರನೇ ದಿನ ಬೆಳಿಗ್ಗೆ ಅವ್ವ ಕೌದಿ ಮಡಚಲು ಹೋದರೆ ಒಳಗಿಂದ ಚಾರ್ಜರ್ ವೈರ್ ಸಮೇತ ಫೋನ್ ಬಿತ್ತು.

ಅಂಗಡಿಯಲ್ಲಿ ಕರೋನಾ ಕಾಲದ ಜ್ವರ ನೋಡುವ ಗನ್ ಒಂದು ಬಿದ್ದಿತ್ತು, ಅದನ್ನು ಮನೆಗೆ ತಂದೆ. ಮೈಯ ಲೆಕ್ಕದಲ್ಲಿ ಇಟ್ಟರೆ ಅದು ನಲವತ್ತೆರಡು ಚಿಲ್ಲರೆ ದಾಟುತ್ತಿದ್ದಂತೆ ಅಂಕಿ ತೋರಿಸುವುದನ್ನೇ ಬಿಡುತ್ತದೆ. ಪಕ್ಕದ ಗುಂಡಿ ಒತ್ತಿ ವಸ್ತುವಿನ ಲೆಕ್ಕಕ್ಕೆ ತಿರುಗಿಸಬೇಕು. ಏಪ್ರಿಲ್ ಕೊನೆ, ಮಧ್ಯಾಹ್ನ ಮೂರು ಗಂಟೆ, ಮೇಲಿನ ತಗಡಿನ ಖೋಲಿ. ಗೋಡೆಗೆ ಹಿಡಿದರೆ 41. ಚಾರ್ಜಿಗೆ ಹಚ್ಚಿದ ತಮ್ಮನ ಫೋನಿನ ಬೆನ್ನಿಗೆ ಹಿಡಿದರೆ 47. ಅಪ್‌ಡೇಟ್ ಹಾಕಿದ್ದ ನನ್ನದು ಅದೇ ಖೋಲಿಯಲ್ಲಿ, ಅದೇ ಚಾರ್ಜರಿನಲ್ಲಿ 43.

ನನ್ನ ತಲೆಯಲ್ಲಿ ಕೂತದ್ದು ಗೋಡೆಯ ಆ 41. ಫೋನ್‌ಗಳ ಡಬ್ಬಿಯೊಳಗಿನ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ 0ರಿಂದ 35 ಡಿಗ್ರಿಯೊಳಗೆ ಬಳಸಿ ಅಂತ ಇರುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಆ 35ರೊಳಗೆ ಸಿಗುವುದು ರಾತ್ರಿ, ಬೆಳಿಗ್ಗೆ ಮಾತ್ರ. ಸುತ್ತಲಿನ ಗಾಳಿಯೇ 41 ಇದ್ದರೆ ಫೋನ್ ಅದಕ್ಕಿಂತ ತಣ್ಣಗಾಗುವ ಮಾತೇ ಇಲ್ಲ. ಲಿಥಿಯಂ ಬ್ಯಾಟರಿಗೆ ಅತಿ ತ್ರಾಸು ಕೊಡುವುದು ಪೂರ್ತಿ ಚಾರ್ಜ್ ಮತ್ತು ಕಾವು, ಎರಡೂ ಒಟ್ಟಿಗೆ ಕೂಡಿದಾಗ. ಆಗಲೇ ಒಳಗಿನ ದ್ರಾವಣ ಒಡೆದು ಗ್ಯಾಸ್ ಆಗಿ ಉಬ್ಬುತ್ತದೆ. ಬೇರೆ ಊರಿನವರು 'ಹುಷಾರಾಗಿ ಬಳಸುತ್ತೇನೆ' ಅಂದರೆ ನಂಬಬಹುದೇನೋ. ಇಲ್ಲಿ ಮೇ ತಿಂಗಳಲ್ಲಿ ಆ ಹುಷಾರಿಗೆ ಜಾಗವೇ ಇಲ್ಲ. ಕೂಲರ್ ಮುಂದೆ ಇಟ್ಟರೆ ತೇವ, ಫ್ರಿಜ್ಜಿನಲ್ಲಿಟ್ಟು ತೆಗೆದರೆ ಒಳಗೇ ನೀರು ಕೂಡುತ್ತದೆ. ತಮ್ಮ ಒಂದು ಸಲ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟಿದ್ದ, ಅವ್ವ ತೆಗೆದು ಬೈದಳು.

ವಾಪಸ್ ಕರೆದರೂ ಕೊಡದೆ ಇಟ್ಟುಕೊಳ್ಳುವ ಚಟ ನಮ್ಮ ಮನೆಯದಷ್ಟೇ ಅಲ್ಲ. 2016ರ ಆಗಸ್ಟ್‌ನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7ರ ಕಥೆ ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 2ಕ್ಕೆ ಸುಮಾರು 25 ಲಕ್ಷ ಫೋನ್ ವಾಪಸ್ ಕರೆದರು. ಬದಲಿಗೆ ಕೊಟ್ಟವೂ ಹೊತ್ತಿಕೊಂಡವು. ಅಕ್ಟೋಬರ್‌ನಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. ಎರಡು ಕಡೆಯಿಂದ ಬ್ಯಾಟರಿ ತರಿಸಿದ್ದರು, ಎರಡರಲ್ಲೂ ಬೇರೆ ಬೇರೆ ದೋಷ: ಒಂದರಲ್ಲಿ ಮೂಲೆಯ ಪದರ ಬಾಗಿತ್ತು, ಇನ್ನೊಂದರಲ್ಲಿ ಬೆಸುಗೆಯ ಮುಳ್ಳು ಎದ್ದಿತ್ತು ಅಂತ 2017ರ ಜನವರಿಯಲ್ಲಿ ಕಂಪನಿಯೇ ಹೇಳಿತು. ಭಾರತದಲ್ಲಿ ಅದು ಮಾರಾಟಕ್ಕೇ ಬರಲಿಲ್ಲ. ಅಷ್ಟಾದರೂ ಹೊರದೇಶದಲ್ಲಿ ಸ್ಕ್ರೀನ್ ಚಂದ, ಪೆನ್ನು ಚಂದ ಅಂತ ಇಟ್ಟುಕೊಂಡವರು ಇದ್ದರು. ಅವರಿಗಾಗಿ ಮೊದಲು 60 ಪರ್ಸೆಂಟಿಗೆ ಚಾರ್ಜ್ ನಿಲ್ಲುವ ಅಪ್‌ಡೇಟ್ ಬಿಟ್ಟರು, ಆಮೇಲೆ ಚಾರ್ಜೇ ಆಗದಂಥದ್ದು.

ನಾನು ಹಾಕಿಕೊಂಡದ್ದೂ ಆ ಮೊದಲಿನದರಂತೆ ಪೂರ್ತಿ ಚಾರ್ಜ್ ಆಗದಂತೆ ತಡೆಯುವ ಅಪ್‌ಡೇಟ್, ಎರಡನೇ ದಾರಿ. 43 ಅಂದರೆ ಅದೇನೂ ತಂಪಲ್ಲ, ಆದರೆ ಖೋಲಿಗಿಂತ ಎರಡೇ ಡಿಗ್ರಿ ಹೆಚ್ಚು. ನಷ್ಟ ಬೇರೆ ಕಡೆ ಆಯಿತು. ಮೊದಲು ರಾತ್ರಿ ಎಂಟರವರೆಗೆ ಬರುತ್ತಿದ್ದ ಚಾರ್ಜ್ ಮಧ್ಯಾಹ್ನ ಒಂದೂವರೆಗೆ ಮುಗಿಯತೊಡಗಿತು. ಅರ್ಜಿ ಅರ್ಧ ತುಂಬಿರುತ್ತದೆ, ಓಟಿಪಿ ಬರಬೇಕು, ಫೋನ್ ಆರುತ್ತದೆ. ಶಹಾಬಾದಿನಿಂದ ಬಸ್ಸಿನಲ್ಲಿ ಬಂದ ಅಜ್ಜ ನನ್ನ ಮುಖ ನೋಡುತ್ತಾ ಕೂತಿರುತ್ತಾನೆ. ದಿನಕ್ಕೆ ಎರಡು ಸಲ ಚಾರ್ಜು, ಅದೂ ನಿಧಾನ. ಕರೆಂಟ್ ಹೋದರೆ ಅದೂ ಇಲ್ಲ. ಸುರಕ್ಷಿತವಾಗಿದ್ದದ್ದು ನಿಜ, ಕೆಲಸಕ್ಕೆ ಬಾರದ ಹಾಗೆ ಸುರಕ್ಷಿತ.

ಕೂಪನ್ ವಿಷಯ ಎರಡು ಸಾಲಿನಲ್ಲಿ ಮುಗಿಸುತ್ತೇನೆ. ಅದು ಅದೇ ಕಂಪನಿಯ ಫೋನಿಗೆ ಮಾತ್ರ ನಡೆಯುತ್ತಿತ್ತು, ಮೇಲೆ ಹಾಕಬೇಕಿದ್ದ ಹಣದಲ್ಲಿ ಬೇರೆಯವರ ಹೊಸ ಫೋನೇ ಬರುತ್ತಿತ್ತು. ಲೆಕ್ಕ ಹಾಕಿದೆ, ಬಿಟ್ಟೆ.

ಮೇ ಎರಡನೇ ವಾರ ತಮ್ಮನ ಫೋನಿನ ಸ್ಕ್ರೀನಿನ ಒಂದು ಅಂಚು ಎದ್ದಿತು. ಉಗುರು ಹೋಗುವಷ್ಟು ಸಂದು. ಹೈದರಾಬಾದಿಗೆ ರಜೆ ಕೇಳಿದರೆ ಸಾಹುಕಾರ ಕೊಡಲಿಲ್ಲ. ಕೊರಿಯರಿನವನು ಕೇಳಿದ ಕೂಡಲೇ ಬೇಡ ಅಂದ. ವಾಪಸ್ ಕರೆದ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ, ಉಬ್ಬಿದ್ದಂತೂ ಇಲ್ಲವೇ ಇಲ್ಲ. ಹಾಗಾಗಿ ಅವನದು ಮೂರನೇ ದಾರಿ, ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ರಿಪೇರಿ ಅಂಗಡಿ. ಜೊತೆಗೆ ನಾನೂ ಹೋದೆ.

ಹುಡುಗನ ಕೈ ಚುರುಕಿತ್ತು. ಬಿಸಿ ತಟ್ಟೆಯ ಮೇಲಿಟ್ಟು ಬೆನ್ನು ಬಿಚ್ಚಿದ, ಹಳೆ ಸಿಮ್ ಕಾರ್ಡಿನಂಥ ಪ್ಲಾಸ್ಟಿಕ್ ತೂರಿಸಿ ಅಂಟು ಬಿಡಿಸಿದ. ಬ್ಯಾಟರಿ ಎಬ್ಬಿಸುವಾಗ ಕಬ್ಬಿಣದ ಪಟ್ಟಿ ತೆಗೆದುಕೊಂಡ, ಬ್ಯಾಟರಿ ಒಂದು ಮೂಲೆಯಲ್ಲಿ ಬಿಲ್ಲಿನಂತೆ ಬಾಗಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಅಂಜಬ್ಯಾಡ್ರಿ ಅಕ್ಕಾರ, ಚಾರ್ಜ್ ಪೂರಾ ಇಳ್ಸೀನಿ," ಅಂದ.

ಹೊರಗೆ ತೆಗೆದದ್ದನ್ನು ಕೌಂಟರಿನ ಶಹಾಬಾದ್ ಕಲ್ಲಿನ ಮೇಲಿಟ್ಟು ಬೆರಳಿನಿಂದ ದೂಡಿದ. ಚಪ್ಪಟೆಯಾಗಿರಬೇಕಾದ ಬ್ಯಾಟರಿ ನಡುಹೊಟ್ಟೆಯ ಮೇಲೆ ನಿಂತು ಬುಗುರಿಯಂತೆ ಎರಡು ಸುತ್ತು ತಿರುಗಿತು. ತಮ್ಮ ಬಾಯಿ ಮುಚ್ಚಿದ್ದು ಆಗ.

ಹೊಸದಕ್ಕೆ 900 ರೂಪಾಯಿ, ಮೂವತ್ತೈದು ನಿಮಿಷ. ಮೇಲಿನ ಸ್ಟಿಕರಿನಲ್ಲಿ ಕಂಪನಿಯ ಹೆಸರೇ ಇತ್ತು, ಚಾರ್ಜ್ ಹಿಡಿಯುವ ಅಳತೆ ಮಾತ್ರ ಮೂಲದ್ದಕ್ಕಿಂತ ಹೆಚ್ಚು ಬರೆದಿತ್ತು. ಅದೇ ಜಾಗದಲ್ಲಿ ಕೂರುವ ಅದೇ ಗಾತ್ರದ ಬ್ಯಾಟರಿಗೆ ಹೆಚ್ಚಿನ ಶಕ್ತಿ ಎಲ್ಲಿಂದ ಬಂತು ಅಂತ ಕೇಳಿದೆ, ಹುಡುಗ ನಕ್ಕ. ಅದೇ ತಗಡಿನ ಖೋಲಿಯಲ್ಲಿ ಗನ್ ಹಿಡಿದಾಗ 44 ಬಂತು, ಹಳೆಯದಕ್ಕಿಂತ ಒಳ್ಳೆಯದೇ. ಆದರೆ 31 ಪರ್ಸೆಂಟ್ ತೋರಿಸುತ್ತಿದ್ದದ್ದು ಒಂದು ಕರೆ ಮುಗಿಯುವಷ್ಟರಲ್ಲಿ 12 ಆಗುತ್ತದೆ, 12 ಇದ್ದದ್ದು ಸತ್ತೇ ಹೋಗುತ್ತದೆ. ಮೊದಲಿನ ಬ್ಯಾಟರಿಯ ದೋಷ ಏನು ಅಂತ ಕಂಪನಿಯಾದರೂ ಬರೆದು ಕಳಿಸಿತ್ತು. ಇದರದ್ದು ಯಾರು ಬರೆದು ಕಳಿಸಬೇಕು?

ಆ ಬುಗುರಿ ನೋಡಿದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಮುಂದಿನ ಭಾನುವಾರವೇ ಅಂಗಡಿಗೆ ಚೀಟಿ ಅಂಟಿಸಿ ನಾಲ್ಕನೇ ದಾರಿ ಹಿಡಿದೆ, ಸಂಜೆ ಹೈದರಾಬಾದ್ ರೈಲು ಹತ್ತಿದೆ, ವಾಡಿ, ತಾಂಡೂರು, ವಿಕಾರಾಬಾದ್ ಮೇಲೆ. ಸೋಮವಾರ ಸೆಂಟರಿನಲ್ಲಿ ಎರಡು ಗಂಟೆ ಕಾಯಿಸಿದರು, ಪ್ರತಿ ಫೋನಿಗೂ ಬೇರೆ ಬೇರೆ ಇರುವ ಐಎಂಇಐ ನಂಬರ್ ನೋಡಿದರು, ಸ್ಕ್ರೀನಿನಲ್ಲಿ ಬಿರುಕು ಇಲ್ಲ ಅಂತ ಖಾತ್ರಿ ಮಾಡಿಕೊಂಡರು, ಒಂದು ರೂಪಾಯಿ ತಗೊಳ್ಳದೆ ಬದಲಿಸಿಕೊಟ್ಟರು. ಹೋಗಿ ಬರುವ ಖರ್ಚು, ಒಂದು ದಿನದ ದುಡಿಮೆ, ಎಲ್ಲ ಕೂಡಿದರೆ ತಮ್ಮನ 900ಕ್ಕಿಂತ ಎಷ್ಟೋ ಹೆಚ್ಚು. ಅದೇ ಖೋಲಿ, ಅದೇ ಮೂರು ಗಂಟೆ: 43. ಅಪ್‌ಡೇಟಿನ ಕಟ್ಟು ಬಿಚ್ಚಿತು, ಚಾರ್ಜ್ ಮತ್ತೆ ರಾತ್ರಿ ಎಂಟರವರೆಗೆ ಬರುತ್ತದೆ. ಆದರೂ ಈಗ 80ಕ್ಕೇ ನಿಲ್ಲಿಸುವ ಸೆಟ್ಟಿಂಗ್ ನಾನೇ ಹಾಕಿದ್ದೇನೆ, ಚಾರ್ಜಿಗೆ ಹಚ್ಚುವುದು ಬೆಳಗಿನ ಆರಕ್ಕೆ.

ನಾಲ್ಕರಲ್ಲಿ ಯಾವುದು ಅಂತ ನನ್ನನ್ನು ಕೇಳಿದರೆ ಹೈದರಾಬಾದ್. ರಜೆ ಸಿಗುವವರೆಗೆ ಅಪ್‌ಡೇಟ್ ಹಾಕಿಕೊಂಡು ಗೊಣಗುತ್ತಾ ಇರಬೇಕು. ಸೂಪರ್ ಮಾರ್ಕೆಟ್ ಬೇಡ ಅನ್ನಲು ಇನ್ನೊಂದು ಕಾರಣ ಸೆಂಟರಿನಲ್ಲೇ ಗೊತ್ತಾಯಿತು. ತಮ್ಮನ ಫೋನ್ ಬಗ್ಗೆ ಕೇಳಿದಾಗ ಕೌಂಟರಿನ ಹುಡುಗಿ, ಹೊರಗೆ ಬಿಚ್ಚಿದ್ದರೆ ಪುಕ್ಕಟೆ ಬದಲಿ ಇಲ್ಲ ಅಂದಳು. 900 ಕೊಟ್ಟು ಅವನು ತನ್ನ ಹಕ್ಕನ್ನೂ ಆ ಕೌಂಟರಿನಲ್ಲಿ ಬಿಟ್ಟು ಬಂದಿದ್ದ.

2007ರಲ್ಲಿ ಅಪ್ಪನ ನೋಕಿಯಾ ಇತ್ತು. ಆ ವರ್ಷ ಬಿಎಲ್-5ಸಿ ಬ್ಯಾಟರಿ ಬಿಸಿಯಾಗುತ್ತದೆ, 4.6 ಕೋಟಿ ಬ್ಯಾಟರಿ ಬದಲಿಸಿಕೊಡುತ್ತೇವೆ ಅಂತ ಕಂಪನಿ ಹೇಳಿದಾಗ ಅಪ್ಪ ಹೆಬ್ಬೆರಳಿನಿಂದ ಬೆನ್ನು ಸರಿಸಿ, ಬ್ಯಾಟರಿ ತೆಗೆದು, ಕನ್ನಡಕ ಹಾಕಿಕೊಂಡು ಅದರ ಹಿಂದಿನ ಉದ್ದ ನಂಬರನ್ನು ನನ್ನಿಂದ ಬರೆಸಿದ್ದ. ನಮ್ಮದು ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಅಪ್ಪ ರಾತ್ರಿ ಫೋನ್ ಒಂದು ಕಡೆ, ಬ್ಯಾಟರಿ ಒಂದು ಕಡೆ ಇಟ್ಟು ಮಲಗುತ್ತಿದ್ದ. ಈಗಿನ ಬಹಳಷ್ಟು ಫೋನ್‌ಗಳಲ್ಲಿ ಆ ಅನುಕೂಲ ಇಲ್ಲ.

ತಮ್ಮ ಹೊಸ ಫೋನಿಗೆ ದೀಪಾವಳಿ ಅನ್ನುತ್ತಿದ್ದಾನೆ. ಅಲ್ಲಿಯವರೆಗೆ ಅವನ ಫೋನ್ ರಾತ್ರಿ ಪಡಸಾಲೆಯ ಬರಿ ಪರಸಿ ಕಲ್ಲಿನ ಮೇಲೆ, ಕೌದಿ ಹಾಸಿಗೆಯಿಂದ ಮಾರು ದೂರ, ಪೂರಾ ಆಫ್. ದೀಪ ಆರಿಸುವ ಮುಂಚೆ ಅವ್ವ ಒಳಗಿಂದಲೇ ಕೂಗುತ್ತಾಳೆ: "ಕಲ್ಲಿನ ಮ್ಯಾಲ ಇಟ್ಟೀಯೇನೋ?"

"ಇಟ್ಟೀನಬೇ, ಮಲ್ಕೋ."

ಆದರೂ ಎದ್ದು ಬಂದು ನೋಡಿ ಹೋಗುತ್ತಾಳೆ.