ನಂ. 1 ಆಟೋಗ್ರಾಫಿಕ್ ಕೊಡಾಕ್ ಜೂನಿಯರ್: ಇಂದಿಗೂ ಫಿಲ್ಮ್ ಸಿಗುವ ಮಡಿಸುವ ಕ್ಯಾಮೆರಾ

ಹಳೆಯ ಮಡಿಸುವ ಕೊಡಾಕ್‌ಗಳಲ್ಲಿ ಶೋಕೇಸಿಗಲ್ಲದೆ ಬಳಸಲೆಂದೇ ಒಂದನ್ನು ಕೊಳ್ಳುವುದಾದರೆ 1914ರಲ್ಲಿ ಬಂದ ಈ ಮಾದರಿಯೇ ಸರಿ. ಕಾರಣ, ಫಿಲ್ಮ್. ಇದು ಬೇಡುವುದು 120 ರೋಲ್. ಒಂದು ರೋಲಿಗೆ 6×9 ಸೆಂ.ಮೀ. ಅಳತೆಯ ಎಂಟು ಚಿತ್ರ. ಇದರಣ್ಣ ನಂ. 1ಎ ನೋಡಲು ಗತ್ತಿನದೇ, ಆದರೆ ಅದರ 116 ಫಿಲ್ಮ್ 1984ರಲ್ಲೇ ನಿಂತಿತು. ಹಿಂಬಾಗಿಲ ಒಳಗೆ ‘ಎ-120’ (120 ಫಿಲ್ಮ್‌ನ ಆಟೋಗ್ರಾಫಿಕ್ ಹೆಸರು) ಎಂದಿದೆಯೇ ನೋಡಿಕೊಳ್ಳಿ.

ಕೊಳ್ಳುವ ಮುನ್ನ ಬೆಲ್ಲೋಸ್, ಅಂದರೆ ಲೆನ್ಸಿಗೂ ಹಿಂಬದಿಗೂ ನಡುವಿನ ಮಡಿಕೆಯ ಚೀಲದ, ಪರೀಕ್ಷೆ ಆಗಲೇಬೇಕು. ಕತ್ತಲೆಯಲ್ಲಿ ಹಿಂಬಾಗಿಲು ಕಳಚಿ, ಬೆಲ್ಲೋಸನ್ನು ಪೂರ್ತಿ ಹಿಗ್ಗಿಸಿ, ಒಳಗೆ ಸಣ್ಣ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಮಡಿಕೆಯ ಮೂಲೆಗಳೇ ಮೊದಲು ಸವೆಯುವುದು. ಮೂರ್ನಾಲ್ಕು ಸೂಜಿತೂತುಗಳಿದ್ದರೆ ಕಪ್ಪು ಫ್ಯಾಬ್ರಿಕ್ ಪೇಂಟನ್ನು ತೆಳುವಾಗಿ ಎರಡು ಸಲ ಬಳಿದು, ಹಿಗ್ಗಿಸಿಟ್ಟೇ ಒಣಗಿಸಿ. ದಪ್ಪಗೆ ಬಳಿದರೆ ಮಡಿಕೆ ಕೂರದು, ಕ್ಯಾಮೆರಾ ಮುಚ್ಚದು.

ಬೆಳಕನ್ನು ಕ್ಷಣಕಾಲ ಒಳಬಿಡುವ ಷಟರ್‌ನಲ್ಲಿ ಸಾಮಾನ್ಯವಾಗಿ ಟಿ, ಬಿ (ಬೇಕಾದಷ್ಟು ಹೊತ್ತು ತೆರೆದಿಡಲು), 25, 50 (ಸೆಕೆಂಡಿನ 1/25, 1/50 ಭಾಗ) ಅಷ್ಟೇ. ಎಲೆಗಳು ಅಂಟಿಕೊಂಡಿದ್ದರೆ ಹತ್ತಿಕಡ್ಡಿಗೆ ಲೈಟರ್ ಫ್ಲೂಯಿಡ್ ಸೋಕಿಸಿ ಒರೆಸಿ. ಎಣ್ಣೆ ಮಾತ್ರ ಬೇಡವೇ ಬೇಡ. ಅದು ಎಲೆಗಳಿಗೆ ಹರಡಿ ಇನ್ನಷ್ಟು ಅಂಟಿಸುತ್ತದೆ.

ಹೆಚ್ಚಿನವರು ಎಡವುವುದು ಅಪರ್ಚರ್, ಅಂದರೆ ಬೆಳಕು ಹಾಯುವ ರಂಧ್ರದ, ಅಂಕಿಗಳಲ್ಲಿ. ರೆಕ್ಟಿಲಿನಿಯರ್ ಎಂಬ ಬಗೆಯ ಲೆನ್ಸ್ ಇರುವವುಗಳಲ್ಲಿ 4, 8, 16, 32, 64 ಎಂದಿರುವುದು ಇಂದಿನ ಎಫ್ ಸಂಖ್ಯೆಯಲ್ಲ, ಹಳೆಯ ಯು.ಎಸ್. (ಯೂನಿಫಾರ್ಮ್ ಸಿಸ್ಟಮ್) ಪದ್ಧತಿಯದು. ಕ್ರಮವಾಗಿ ಎಫ್/8, 11, 16, 22, 32 ಎಂದು ಓದಿಕೊಳ್ಳಿ. ಎರಡೂ ಒಂದಾಗುವುದು 16ರಲ್ಲಿ ಮಾತ್ರ. 4ನ್ನು ಎಫ್/4 ಎಂದುಕೊಂಡರೆ ಬೆಳಕು ಎರಡು ಸ್ಟಾಪ್ ಕಡಿಮೆಯಾಗಿ ಕಾಲುಭಾಗವಷ್ಟೇ ಬೀಳುತ್ತದೆ. ಚುರುಕು ಬಿಸಿಲಲ್ಲಿ ಐಎಸ್‌ಒ (ಬೆಳಕಿಗೆ ಫಿಲ್ಮ್‌ನ ಸೂಕ್ಷ್ಮತೆ) 100 ಇರುವ ಫಿಲ್ಮ್‌ಗೆ ವೇಗ 50, ಅಪರ್ಚರ್ 32 (ಎಂದರೆ ಎಫ್/22) ಇಡಿ. 400ರ ಫಿಲ್ಮ್ ಇದಕ್ಕೆ ಅತಿಯಾಯಿತು.

ಆಟೋಗ್ರಾಫಿಕ್ ಎಂಬ ಸವಲತ್ತು ಈಗ ಬರೀ ಅಲಂಕಾರ. ಹಿಂಬದಿಯ ಪುಟ್ಟ ಕಂಡಿಯಿಂದ ಕಡ್ಡಿಯಲ್ಲಿ ಗೀಚಿ, ಚಿತ್ರದ ಅಂಚಿಗೆ ದಿನಾಂಕ ಬರೆಯಬಹುದಿತ್ತು. ಹೆನ್ರಿ ಗೈಸ್‌ಮನ್‌ರ ಈ ಪೇಟೆಂಟಿಗೆ ಕೊಡಾಕ್‌ನ ಜಾರ್ಜ್ ಈಸ್ಟ್‌ಮನ್ 3 ಲಕ್ಷ ಡಾಲರ್ ತೆತ್ತಿದ್ದರು. ಈಗಿನ ರೋಲ್‌ಗಳ ಹಿಂಬದಿ ಕಾಗದದಲ್ಲಿ ಆ ಬರಹ ಮೂಡದು, ಕಂಡಿಯಿಂದ ಬೆಳಕು ಮಾತ್ರ ನುಸುಳೀತು. ಕಪ್ಪು ಟೇಪ್ ಹಾಕಿ ಮುಚ್ಚಿ. ಫ್ರೇಮಿನ ಅಂಕಿ ತೋರುವ ಕೆಂಪು ಕಿಂಡಿಗೂ ಅದೇ ಉಪಾಯ: ಆಗಿನ ಫಿಲ್ಮ್‌ಗೆ ಕೆಂಪು ಬೆಳಕು ತಟ್ಟುತ್ತಿರಲಿಲ್ಲ, ಈಗಿನದಕ್ಕೆ ತಟ್ಟುತ್ತದೆ. ಸುತ್ತುವಾಗಷ್ಟೇ, ನೆರಳಲ್ಲಿ, ಟೇಪ್ ಎತ್ತಿ.

ಲೆನ್ಸನ್ನು ನಿಧಾನ ಎಳೆಯಿರಿ. ರಭಸಕ್ಕೆ ಒಳಗೆ ಗಾಳಿ ಎಳೆದು ಫಿಲ್ಮ್ ಉಬ್ಬಿದರೆ ಚಿತ್ರದ ನಡುಭಾಗ ಮಸುಕಾಗುತ್ತದೆ. ಬೆಲ್ಲೋಸ್ ತೆರೆದ ಮೇಲೆಯೇ ಮುಂದಿನ ಫ್ರೇಮಿಗೆ ಸುತ್ತುವುದು ಲೇಸು. ಮಡಿಸುವ ಮುನ್ನ ವ್ಯೂಫೈಂಡರನ್ನು ನೆಟ್ಟಗೆ ತಿರುಗಿಸಿ, ಲೆನ್ಸನ್ನು ಪೂರ್ತಿ ಒಳಕ್ಕೆ ತಳ್ಳಿ. ಆಮೇಲೂ ಮುಚ್ಚಳ ಕೂರದಿದ್ದರೆ ಅದುಮಬೇಡಿ, ಏನೋ ಅಡ್ಡ ಸಿಕ್ಕಿದೆ ಎಂದೇ ಅರ್ಥ.