ಹತ್ತಕ್ಕೆ ಅಂದ್ರೆ ಹನ್ನೆರಡಕ್ಕೆ ಬರುವ ನಮ್ಮ ಮನೆ ಏಜೆಂಟ್: 4 ವರ್ಷದ ಅನುಭವ

ಐದರಲ್ಲಿ ಎಷ್ಟು ಸ್ಟಾರ್ ಕೊಡಬೇಕು ಅಂತ ನನಗಿನ್ನೂ ಬಗೆಹರಿದಿಲ್ಲ. ಆದರೂ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಆಗಾಗ ಯಾರಾದರೊಬ್ಬರು ಕೇಳುತ್ತಲೇ ಇರುತ್ತಾರೆ: ಮನೆ ತಗೊಳ್ಳೋಕೆ ಏಜೆಂಟ್ ಬೇಕಾ, ಸುಮ್ನೆ ದಂಡಾನಾ?

ನಾನು ವಿಜಯಪುರದಲ್ಲಿ ಹೈಸ್ಕೂಲ್ ಟೀಚರ್. ಒಬ್ಬನೇ ಏಜೆಂಟನ ಜೊತೆ 4 ವರ್ಷದಲ್ಲಿ 3 ವ್ಯವಹಾರ ಮಾಡಿದ್ದೇವೆ. 2021ರಲ್ಲಿ ಬಾಡಿಗೆ ಮನೆ, 2023ರಲ್ಲಿ ಸ್ವಂತ ಮನೆ, 2025ರಲ್ಲಿ ಮಾವನವರು ಯಾವಾಗಲೋ ತೆಗೆದಿಟ್ಟಿದ್ದ ಪ್ಲಾಟಿನ ಮಾರಾಟ. ಹೆಸರು ಹಾಕುವುದಿಲ್ಲ. ನನ್ನ ತಮ್ಮನ ವಯಸ್ಸಿನವನು, ಹಾಗಾಗಿ ಏಕವಚನ.

ಇವನಿಗೆ ಗಡಿಯಾರ ಅಂದ್ರೆ ಏನು ಅಂತ ಗೊತ್ತಿಲ್ಲ. "ಅಕ್ಕಾರ, ಹತ್ತಕ್ಕ ಅಲ್ಲೇ ಇರ್ತೀನ್ರಿ" ಅಂತಾನೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಸೋಲಾಪುರ ರಸ್ತೆಯ ಬದಿಗೆ ಸ್ಕೂಟಿ ನಿಲ್ಲಿಸಿಕೊಂಡು, ಸೆರಗು ತಲೆಮೇಲೆ ಎಳೆದುಕೊಂಡು, ನಾನು ಹನ್ನೆರಡರವರೆಗೆ ಕಾದಿದ್ದೇನೆ. ಫೋನ್ ಮಾಡಿದರೆ "ಬಂದೆ ಬಂದೆ, ಗಾಂಧಿ ಚೌಕದಾಗ ಅದೀನಿ" ಅನ್ನುವ ಉತ್ತರ. ಹಿಂದೆ ಕುಕ್ಕರ್ ಸೀಟಿ ಕೇಳಿಸುತ್ತಿರುತ್ತದೆ. ಬೆಳಿಗ್ಗೆ ಐದೂವರೆಗೆ ಗುಲಾಬಿ ಹೂವಿನ ಶುಭೋದಯ ಮಾತ್ರ ಒಂದು ದಿನವೂ ತಪ್ಪಿಲ್ಲ. ಬಾಡಿಗೆ ಮನೆ ಹುಡುಕುವಾಗಲೇ ಇವನನ್ನು ಬಿಟ್ಟುಬಿಡಬೇಕಿತ್ತು. ಬಿಡದೇ ಇದ್ದದ್ದಕ್ಕೆ ಕಾರಣ ಒಂದು ನಳ.

ಯಾವ ಮನೆ ತೋರಿಸಿದರೂ ಇವನು ಮೊದಲು ಒಳಗೆ ಹೋಗುವುದಿಲ್ಲ. ಪಕ್ಕದ ಮನೆಯ ಕಟ್ಟೆ ಮೇಲೆ ಕೂತ ಅಜ್ಜಿಯ ಹತ್ತಿರ ಹೋಗುತ್ತಾನೆ. "ಯವ್ವಾ, ನಳದ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ? ಹಗಲೋ ರಾತ್ರಿಯೋ?" ಈ ಊರಿನಲ್ಲಿ ಸಂಸಾರ ಮಾಡಿದವರಿಗೆ ಆ ಪ್ರಶ್ನೆಯ ಬೆಲೆ ಗೊತ್ತು. ಮನೆ ಮಾಲೀಕರು ನೀರಿನ ವಿಷಯದಲ್ಲಿ ಸತ್ಯ ಹೇಳಿದ್ದನ್ನು ನಾನಂತೂ ನೋಡಿಲ್ಲ. ಅಜ್ಜಿಯಂದಿರು ಸುಳ್ಳು ಹೇಳುವುದಿಲ್ಲ, ಮೇಲೆ ಓಣಿಯ ಜಗಳಗಳನ್ನೂ ಪುಕ್ಕಟೆ ಹೇಳುತ್ತಾರೆ. ಆಮೇಲೆ ಸಂಪಿನ ಮುಚ್ಚಳ ತೆಗೆದು ಇಣುಕುತ್ತಾನೆ, ಮಾಳಿಗೆ ಹತ್ತುತ್ತಾನೆ, ಕೆಳಗಿಳಿದು ಚಹಾ ಕೇಳುತ್ತಾನೆ. ಚಹಾ ಕುಡಿಯದೆ ಅಭಿಪ್ರಾಯ ಹೇಳಿದವನೇ ಅಲ್ಲ.

ಇನ್ನು ಆ ಗುಮ್ಮಟದ ಕಥೆ.

2023ರಲ್ಲಿ ನಮ್ಮ ಕೈಯಲ್ಲಿದ್ದದ್ದು, ಬ್ಯಾಂಕ್ ಸಾಲ ಸೇರಿ, 42 ಲಕ್ಷ. ಊರಿನ ಹಳೇ ಭಾಗದಲ್ಲಿ ಒಂದು ಮನೆ 36ಕ್ಕೆ ಸಿಗುತ್ತಿತ್ತು. ತೋರಿಸಿದ್ದು ಬೇರೆ ದಲಾಲ. ದೊಡ್ಡ ಅಂಗಳ, ಕಲ್ಲಿನ ಗೋಡೆ, ಬೇವಿನ ಮರ. ಮೇಲೊಂದು ಕೋಣೆ ಕಟ್ಟಿಸಿ ಮಗಳಿಗೆ ಓದಲು ಕೊಡೋಣ ಅಂತ ನಮ್ಮ ಲೆಕ್ಕ. ಸಂಚಕಾರ ಕೊಡುವ ಹಿಂದಿನ ದಿನ, ಯಾಕೋ ಇರಲಿ ಅಂತ, ನಮ್ಮವನನ್ನು ಕರೆದೆ. ಬಂದ, ಎರಡು ತಾಸು ತಡವಾಗಿ. ಗಾಡಿಯಿಂದ ಇಳಿಯಲೂ ಇಲ್ಲ.

"ಅಕ್ಕಾರ, ಇದು ಬ್ಯಾಡ್ರಿ. ಆ ನೀಲಿ ಬೋರ್ಡ್ ಓದೀರೇನು?"

ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಎಲ್ಲರಿಗೂ ಗೊತ್ತು. ಓಣಿಯೊಳಗೆ ಅಡಗಿ ಕೂತ ಸಣ್ಣಪುಟ್ಟ ಗುಮ್ಮಟ, ಮಸೀದಿ, ಬಾವಡಿಗಳ ಲೆಕ್ಕ ಯಾರಿಟ್ಟಿದ್ದಾರೆ? ಅಂಥದೊಂದರ ಪಕ್ಕದಲ್ಲೇ ನಾನು ಸ್ಕೂಟಿ ನಿಲ್ಲಿಸಿದ್ದೆ. ಪುರಾತತ್ವ ಇಲಾಖೆಯ ಬೋರ್ಡ್ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಸ್ಮಾರಕಗಳ ಕಾಯ್ದೆ 1958ರದು, 2010ರಲ್ಲಿ ತಿದ್ದುಪಡಿ ಆಗಿದೆ. ಅದರ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಇದ್ದ ಮನೆಯ ರಿಪೇರಿಗೂ ಅನುಮತಿ ಬೇಕು. ದೂರ ಅಳೆಯುವುದು ಗುಮ್ಮಟದ ಗೋಡೆಯಿಂದಲ್ಲ, ಅದರ ಸಂರಕ್ಷಿತ ಜಾಗದ ಗಡಿಯಿಂದ. ಇದನ್ನೆಲ್ಲ ಅವನು ಮೊಬೈಲ್ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದ. ನಮ್ಮ ಕನಸಿನ ಅಂಗಳ 60 ಮೀಟರಿನೊಳಗೇ ಬರುತ್ತಿತ್ತು. ರೇಟು ಅಷ್ಟು ಕಮ್ಮಿ ಯಾಕೆ ಅನ್ನುವುದು ಆಗ ತಿಳಿಯಿತು.

ಮಗಳ ಕೋಣೆ ಹೋಯಿತು ಅಂತ ಅಳು ಬಂತು. ಅದರ ಜೊತೆಗೇ ಇನ್ನೊಂದು ಹೊಳೆಯಿತು: ಆ ಮನೆ ಇವನು ತೋರಿಸಿದ್ದಲ್ಲ, ನಾವು ತಗೊಂಡರೂ ಬಿಟ್ಟರೂ ಇವನಿಗೆ ಒಂದು ಪೈಸೆ ಇಲ್ಲ. ಅಷ್ಟು ಬಿಸಿಲಲ್ಲಿ ಬಂದು ಹೇಳಿ, ಚಹಾ ಕುಡಿದು ಹೋದ. ಆಮೇಲೆ ತಾನೇ ತೋರಿಸಿದ ಎರಡು ಜಾಗಕ್ಕೂ "ಬ್ಯಾಡ್ರಿ" ಅಂದ. ಒಂದು ಎನ್‌ಎ ಆಗದ, ಅಂದ್ರೆ ಕೃಷಿಯೇತರ ಬಳಕೆಗೆ ಬದಲಾಗದ ಹೊಲದಲ್ಲಿ ಗುಂಟೆ ಲೆಕ್ಕದಲ್ಲಿ ಹರಿದು ಮಾರುತ್ತಿದ್ದ ಪ್ಲಾಟ್, ಬರೀ ಬಾಂಡ್ ಪೇಪರ್ ಮೇಲೆ. ನೋಂದಣಿ ಇಲ್ಲದ ಬಾಂಡ್ ಹಿಡಿದುಕೊಂಡರೆ ಒಡೆತನ ಬರುವುದಿಲ್ಲ. ಇನ್ನೊಂದರ ದಾರಿಯೇ ಪಕ್ಕದವರ ಹೊಲದಲ್ಲಿತ್ತು.

ಕೊನೆಗೆ ಆಶ್ರಮ ರಸ್ತೆ ಕಡೆ ಮನೆ ಸಿಕ್ಕಿತು. ಪೂರಾ 42. ಮಾರುವ ಅಣ್ಣತಮ್ಮ ಇಬ್ಬರ ಹೆಸರು ಸಿಟಿ ಸರ್ವೆ ಉತಾರದಲ್ಲಿ, ಅಂದ್ರೆ ಆಸ್ತಿ ಯಾರದು ಅಂತ ತೋರಿಸುವ ದಾಖಲೆಯಲ್ಲಿ, ಸರಿಯಾಗಿತ್ತು, ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಸಾಲದ ಬೋಜಾ ಇರಲಿಲ್ಲ. ನಾವು ಖುಷಿ. ಇವನು ಚಹಾದಂಗಡಿ ಬೆಂಚಿನ ಮೇಲೆ ಇಸಿಯನ್ನು ಕೆಂಪು ಪೆನ್ನು ಹಿಡಿದು ಹಿಂದಿನಿಂದ ಮುಂದಕ್ಕೆ ಓದಿದ. ನಾನು ಉತ್ತರ ಪತ್ರಿಕೆ ತಿದ್ದುವುದೂ ಅಷ್ಟು ನಿಧಾನವಾಗಿ ಅಲ್ಲ. ಓದಿ ಮುಗಿಸಿ ಮಾರುವವರನ್ನು ಒಂದೇ ಮಾತು ಕೇಳಿದ: "ಅಕ್ಕತಂಗೇರು ಎಷ್ಟು ಮಂದಿರೀ?" ಸೋಲಾಪುರಕ್ಕೆ ಕೊಟ್ಟ ಒಬ್ಬ ತಂಗಿ ಇದ್ದಳು. ತಂದೆ ಬಿಟ್ಟುಹೋದ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಇದೆಯಲ್ವಾ. ಅವಳ ಸಹಿ ಇಲ್ಲದಿದ್ದರೆ ನಾಳೆ ಅವಳೋ ಅವಳ ಮಕ್ಕಳೋ ಕೋರ್ಟಿಗೆ ಹೋಗಬಹುದಿತ್ತು. ಖರೀದಿ ಪತ್ರದ ದಿನ ಬಸ್ ಸ್ಟ್ಯಾಂಡಿನಿಂದ ಅವಳನ್ನು ಇವನೇ ಕರೆತಂದ. ಅವತ್ತೊಂದು ದಿನ ಮಾತ್ರ ಹೇಳಿದ ಟೈಮಿಗೆ ಬಂದಿದ್ದ. ರಜಿಸ್ಟ್ರಿ ಆದ ಮೇಲೆ ಉತಾರದಲ್ಲಿ ನಮ್ಮ ಹೆಸರು ಏರಿಸಲು ಎರಡು ತಿಂಗಳು ಓಡಾಡಿದ್ದೂ ಇವನೇ. ಆದರೂ ವಕೀಲರಿಗೆ ಕೊಟ್ಟು ಬೇರೆಯಾಗಿ ಕಾಗದ ನೋಡಿಸಿದೆವು. ಏಜೆಂಟ್ ಎಷ್ಟೇ ಚುರುಕಿದ್ದರೂ ವಕೀಲ ಅಲ್ಲ.

ಕಮಿಷನ್ ಶೇ 1, ಅಂದ್ರೆ 42,000. ಮುದ್ರಾಂಕ ಶುಲ್ಕ, ಸೆಸ್ಸು, ನೋಂದಣಿ ಎಲ್ಲಾ ಸೇರಿ ಶೇ 6.6, ಸುಮಾರು 2.77 ಲಕ್ಷ ಕಟ್ಟಿದೆವು. ನೋಂದಣಿ ಶುಲ್ಕವೂ ಆಗ ಶೇ 1, ಇವನದೂ ಅಷ್ಟೇ. ಸರ್ಕಾರ 2025ರ ಆಗಸ್ಟ್ 31ರಿಂದ ತನ್ನದನ್ನು ಶೇ 2 ಮಾಡಿದೆ. ಇವನಿಗೆ ಯಾರೂ ಹೇಳಬೇಡಿ.

ಇಲ್ಲಿಗೆ ನಿಲ್ಲಿಸಿದ್ದರೆ ಐದೂ ಸ್ಟಾರ್ ಕೊಡುತ್ತಿದ್ದೆ. ಆದರೆ 2025ರಲ್ಲಿ ಪ್ಲಾಟ್ ಮಾರಿದೆವಲ್ಲ. ನಾವು 19 ಲಕ್ಷ ಹೇಳಿದ್ದೆವು. ಮನೆಯ ತಮ್ಮ ಇದ್ದ ಹಾಗೆ ಅಂತ, "17ಕ್ಕೂ ಅಡ್ಡಿಯಿಲ್ಲಪ್ಪಾ" ಅಂತ ಅವನ ಕಿವಿಯಲ್ಲಿ ಹೇಳಿದೆ. ಕೊಳ್ಳುವವರು ಬಂದು ಕೂತರು, ಕೊಟ್ಟ ಮೊದಲ ರೇಟೇ 17. ಒಂದು ಸಾವಿರ ಆಚೆ ಈಚೆ ಇಲ್ಲ. ನಮ್ಮ ಮನೆಯವರು ನನ್ನ ಮುಖ ನೋಡಿದರು. ಆಮೇಲೆ ಗೊತ್ತಾಯಿತು, ಅವರಿಂದಲೂ ಇವನಿಗೆ ಶೇ 1. ಕೇಳಿದರೆ, "ಎರಡೂ ಕಡೆ ನಮ್ಮವ್ರೇ ಅಲ್ರೀ ಅಕ್ಕಾರ" ಅಂದ. ಅದೇ ನಗು, ಅದೇ ಚಹಾ. ಜಗ್ಗಾಡಿ 17.60ಕ್ಕೆ ಮುಗಿಸಿದೆವು. ಬೇರೆ ಗಿರಾಕಿ ಬಂದಿದ್ದರೆ 18 ದಾಟುತ್ತಿತ್ತೇನೋ ಅನ್ನುವ ಕಸಿವಿಸಿ ಇನ್ನೂ ಇದೆ.

ಹಾಗಾಗಿ ಮೂರೂವರೆ. ಕೊಳ್ಳುವುದಿದ್ದರೆ ಕಣ್ಣುಮುಚ್ಚಿ ಇವನನ್ನೇ ಕರೆಯುತ್ತೇನೆ. ಮಾರುವುದಿದ್ದರೆ ಕಮಿಷನ್ ಯಾರ್ಯಾರಿಂದ ಎಷ್ಟು ಅಂತ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳುತ್ತೇನೆ. ಕೊನೆಯ ರೇಟನ್ನು ನಮ್ಮ ಮನೆಯವರಿಗೂ ಹೇಳುವುದಿಲ್ಲ.

ಆಶ್ರಮ ರಸ್ತೆ ಮನೆಯ ಮೇಲೆ ಈಗ ಮಗಳ ಕೋಣೆ ಎದ್ದಿದೆ. ಅದರ ಕಿಟಕಿಯಿಂದ ಗೋಳಗುಮ್ಮಟದ ತುದಿ ಕಾಣುತ್ತದೆ, ಸಾಕಷ್ಟು ದೂರದಲ್ಲಿ. ಮಗಳು ಓದಲು ಧಾರವಾಡಕ್ಕೆ ಹೋಗಿದ್ದಾಳೆ, ಕೋಣೆ ಖಾಲಿ. ಬಾಡಿಗೆಗೆ ಒಬ್ಬರನ್ನು ಕರಕೊಂಡು ನಾಳೆ ಹತ್ತಕ್ಕೆ ಬರ್ತಾನಂತೆ. ಚಹಾಕ್ಕೆ ಹಾಲು ಹನ್ನೆರಡಕ್ಕೆ ಕಾಸಿದರಾಯಿತು.