ತಾರಸಿ ಮೇಲಿನ ಗ್ಯಾಸ್: ಡ್ರಮ್ಮೋ, ಚೀಲವೋ?

ಅಡುಗೆಮನೆ ಕಸದಿಂದ ಗ್ಯಾಸ್ ಮಾಡಿಕೊಂಡರೆ ಸಿಲಿಂಡರೇ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲೆಕ್ಕ ಸುಲಭ. ಒಂದು ಕಿಲೋ ಹಸಿ ಕಸಕ್ಕೆ ಸುಮಾರು ನೂರು ಲೀಟರ್ ಗ್ಯಾಸ್. ಸಾವಿರ ಲೀಟರ್ ಗ್ಯಾಸ್ ಕೂಡಿದರೆ ಅರ್ಧ ಕಿಲೋ ಎಲ್‌ಪಿಜಿಗೆ ಸಮ. ಬನಶಂಕರಿಯ ನಮ್ಮ ಮನೆಯಲ್ಲಿ ಐದು ಜನ, ದಿನಕ್ಕೆ ಒಂದೂವರೆ ಕಿಲೋ ಹಸಿ ಕಸ. ತಿಂಗಳಿಗೆ ಉಳಿಯುವುದು ಎರಡು ಕಿಲೋ ಎಲ್‌ಪಿಜಿ. ಒಂದು ಸಿಲಿಂಡರಿನಲ್ಲಿ ಇರುವುದು 14.2 ಕಿಲೋ. ಬೆಳಗಿನ ಹಾಲು, ಕಾಫಿ, ಒಂದು ಕುಕ್ಕರ್ ಬೇಳೆ, ಅಷ್ಟಕ್ಕೆ ಸಾಕು. ಇಷ್ಟಕ್ಕೆ ಒಪ್ಪಿಗೆ ಇದ್ದರೆ ಮುಂದೆ ಓದಿ.

ಕಸವನ್ನು ಗಾಳಿ ಸೋಕದಂತೆ ಕೊಳೆಸಿ ಗ್ಯಾಸ್ ಮಾಡುವ ಘಟಕಗಳಲ್ಲಿ ನಾವು ಮೊದಲು ತಂದದ್ದು ಚೀಲದ ಮಾದರಿ. ದಪ್ಪ ರಬ್ಬರಿನಂಥ ಬಟ್ಟೆ, ಮಡಚಿಕೊಂಡು ಒಬ್ಬರೇ ಮೆಟ್ಟಿಲು ಹತ್ತಿಸಬಹುದು, ಬೆಲೆಯೂ ಕಡಿಮೆ. ಸಗಣಿ ನೀರು ತುಂಬಿ ಎರಡು ಮೂರು ವಾರ ಕಾಯಬೇಕು. ಶುರುವಿನಲ್ಲಿ ಉಬ್ಬುವ ಗ್ಯಾಸ್ ಹತ್ತಿಕೊಳ್ಳುವುದೇ ಇಲ್ಲ, ಅದರಲ್ಲಿ ಹೆಚ್ಚಿನದು ಇಂಗಾಲದ ಡೈಆಕ್ಸೈಡ್. ಉರಿಯುವ ಅನಿಲವಾದ ಮೀಥೇನ್ ಅರ್ಧಕ್ಕಿಂತ ಮೇಲೆ ಬಂದಾಗಲೇ ನೀಲಿ ಉರಿ. ಚೀಲದ ತೊಂದರೆ ಒತ್ತಡದ್ದು. ಗ್ಯಾಸ್ ಇದ್ದರೂ ಒಲೆಗೆ ನೂಕುವವರಿಲ್ಲ. ಮೇಲೆ ಮರಳಿನ ಮೂಟೆ ಇಟ್ಟರೆ ಉರಿ ಏಳುತ್ತದೆ, ಕಿಟಕಿ ತೆಗೆದರೆ ಆರುತ್ತದೆ. ಇನ್ನು ಪಕ್ಕದ ಮನೆ ಬೆಕ್ಕು. ಬಿಸಿಲಿಗೆ ಬೆಚ್ಚಗಾದ ಚೀಲ ಅದಕ್ಕೆ ಹಾಸಿಗೆ. ಎದ್ದು ಮೈ ಮುರಿಯುವಾಗ ಉಗುರು ಊರುತ್ತದೆ. ಸೋಪಿನ ನೀರು ಸವರಿ ನೋಡಿದರೆ ಅಲ್ಲಲ್ಲಿ ಗುಳ್ಳೆ. ಪ್ಯಾಚ್ ಹಾಕಲು ‘ನಾಳೆ ಬರ್ತೀನಿ ಮೇಡಂ’ ಅಂದವರು ಆಮೇಲೆ ಫೋನೇ ಎತ್ತಲಿಲ್ಲ.

ಈಗ ಇರುವುದು ತೇಲುವ ಡ್ರಮ್. ಇದು ಹಳೇ ಪೈಕಿ. ಖಾದಿ ಗ್ರಾಮೋದ್ಯೋಗ ಆಯೋಗ 1960ರ ದಶಕದಲ್ಲೇ ಹಳ್ಳಿಗಳಿಗೆ ಕೊಟ್ಟ ಗೋಬರ್ ಗ್ಯಾಸ್ ವಿನ್ಯಾಸ. ಸಗಣಿಯ ಬದಲು ಅಡುಗೆಮನೆ ಕಸ ಹಾಕುವ ಪುಟ್ಟ ರೂಪವನ್ನು ಪುಣೆಯ ಆರ್ತಿ ಸಂಸ್ಥೆ ಮಾಡಿತು, 2006ರಲ್ಲಿ ಅದಕ್ಕೆ ಪರಿಸರಸ್ನೇಹಿ ಇಂಧನ ಕೆಲಸಗಳಿಗೆ ಬ್ರಿಟನ್ನಿನಲ್ಲಿ ಕೊಡುವ ಆಶ್ಡೆನ್ ಪ್ರಶಸ್ತಿಯೂ ಬಂತು. ಕಸ-ನೀರಿನ ಬಗ್ಗಡ ತುಂಬಿದ ಟ್ಯಾಂಕಿನೊಳಗೆ ಇನ್ನೊಂದು ಟ್ಯಾಂಕ್ ಬೋರಲು. ಗ್ಯಾಸ್ ಬಂದಂತೆ ಅದು ಮೇಲೇಳುತ್ತದೆ, ಒಲೆ ಹಚ್ಚಿದರೆ ಇಳಿಯುತ್ತದೆ. ಅದರ ಭಾರವೇ ಒತ್ತಡ, ಅದರ ಎತ್ತರವೇ ಮೀಟರ್. ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋದ ಅತ್ತೆ ಅಲ್ಲಿಂದಲೇ ‘ಇವತ್ತು ಗೇಣುದ್ದ ಎದ್ದಿದೆ ಕಣೇ’ ಅನ್ನುತ್ತಾರೆ. ಊರಲ್ಲಿ ಹಸುವಿಗೆ ಇಡುತ್ತಿದ್ದ ಕಲಗಚ್ಚು ಈಗ ಡ್ರಮ್ಮಿಗೆ ಹೋಗುತ್ತದಲ್ಲ ಅಂತ ನಗುತ್ತಾರೆ ಕೂಡ. ಒಳಗೆ ಕಸ ಕೊಳೆಸಿ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳೂ ಹಸುವಿನ ಹೊಟ್ಟೆಯಿಂದ ಬಂದವೇ.

ಡ್ರಮ್ಮಿಗೂ ಕಾಟ ಉಂಟು. ಸಾವಿರ ಲೀಟರ್ ತುಂಬಿದರೆ ಒಂದು ಟನ್ ತೂಕ, ಹಾಗಾಗಿ ಕಂಬ ಇರುವ ಮೂಲೆಯಲ್ಲೇ ಇಡಬೇಕು. ಎರಡು ಟ್ಯಾಂಕಿನ ನಡುವಿನ ಸಂದಿನಲ್ಲಿ ವಾಸನೆ, ಸೊಳ್ಳೆ. ಸೊಳ್ಳೆ ಪರದೆಯ ತುಂಡು ಸುತ್ತಿದ್ದೇವೆ. ಅನ್ನ, ಹುಳಿ ಬಂದ ದೋಸೆ ಹಿಟ್ಟು ಒಮ್ಮೆಲೇ ಸುರಿದರೆ ಒಳಗೆ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಆಗ ಕೆಲವು ದಿನ ಏನೂ ಹಾಕದೆ, ಒಂದು ಬಕೆಟ್ ಸಗಣಿ ಕದಡಿ ಹಾಕಬೇಕು. ಇದು ಚೀಲಕ್ಕೂ ಅನ್ವಯ.

ಎರಡರ ನಿಜವಾದ ಪರೀಕ್ಷೆ ಡಿಸೆಂಬರ್-ಜನವರಿ. ಈ ಜೀವಿಗಳಿಗೆ ಹಿತ 35 ಡಿಗ್ರಿ ಆಸುಪಾಸು, ಬೆಂಗಳೂರಿನ ರಾತ್ರಿ ಆಗ 15-16ಕ್ಕೆ ಇಳಿಯುತ್ತದೆ. ತೆಳು ಚೀಲ ಮಧ್ಯಾಹ್ನ ಕಾದು ರಾತ್ರಿ ತಣ್ಣಗಾಗಿ ಬೆಳಿಗ್ಗೆ ಜೋಲುಬಿದ್ದಿರುತ್ತಿತ್ತು. ಡ್ರಮ್ ಅಷ್ಟು ಸೊರಗುವುದಿಲ್ಲ. ಮಿಕ್ಸಿಯಲ್ಲಿ ತಿರುವಿದ ಕಸವನ್ನು ಸೋಲಾರ್ ಹೀಟರಿನ ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಹಾಕುತ್ತೇನೆ, ಗ್ಯಾಸಿನಲ್ಲಿ ವ್ಯತ್ಯಾಸ ಕಾಣುತ್ತದೆ. ಆದರೆ ಅದೇ ಹೊತ್ತಿಗೆ ಅವರೆಕಾಯಿ ಸೀಸನ್! ನಾರಿನ ಸಿಪ್ಪೆ ಬುಟ್ಟಿಗಟ್ಟಲೆ, ಎರಡಕ್ಕೂ ಜೀರ್ಣವಾಗದು. ಅದು, ಮೂಸಂಬಿ-ನಿಂಬೆ ಸಿಪ್ಪೆ, ಬಾಳೆಎಲೆ ಎಲ್ಲ ಕಾಂಪೋಸ್ಟ್ ಮಡಕೆಗೆ. ಮಡಕೆ ಉರಿ ಕೊಡುವುದಿಲ್ಲ, ಗೊಣಗುವುದೂ ಇಲ್ಲ. ಇಬ್ಬರೇ ಇರುವ ಮನೆಗೆ ಅದೊಂದೇ ಸಾಕು ಅನ್ನುತ್ತೇನೆ.

ಕಾರ್ಪೊರೇಷನ್ ಗಾಡಿಗೆ ಕೊಟ್ಟರೆ ಬಿಡದಿಯಲ್ಲಿ ಕರೆಂಟ್ ಮಾಡುತ್ತಾರಲ್ಲ ಅಂತ ಕೇಳುವವರಿದ್ದಾರೆ. 11.5 ಮೆಗಾವ್ಯಾಟ್ ಸಾಮರ್ಥ್ಯದ ಆ ಸ್ಥಾವರ ಕಸ ಸುಡುವಂಥದ್ದು. ಹಸಿ ಕಸ ಸೇರಿದರೆ ಅದರ ನೀರು ಆರಿಸುವುದಕ್ಕೇ ಸಾಕಷ್ಟು ಶಾಖ ದಂಡ.

ಸ್ವಂತ ಮನೆ, ನಾಲ್ಕೈದು ಜನ ಇದ್ದರೆ ಕಣ್ಣುಮುಚ್ಚಿ ಡ್ರಮ್. ಬಾಡಿಗೆ ಮನೆಯವರಿಗೆ ಚೀಲವೇ ಸರಿ, ಮಡಚಿ ಒಯ್ಯಬಹುದು. ಖಾಲಿ ಮಾಡುವ ದಿನ ಒಳಗಿನ ಬಗ್ಗಡ ಎಲ್ಲಿ ಸುರಿಯುವುದು ಅಂತ ಮಾತ್ರ ಓನರ್ ಜೊತೆ ಮೊದಲೇ ಮಾತಾಡಿಕೊಳ್ಳಿ.